ವೆರಿಗೊಂದು ಗುಂಡಿ

ಆ ಗುರುವಾರ ಬೆಳಗ್ಗೆ ಗಾಳಿ ಎಂಬುದು ರಜೆ ಹಾಕಿ ಎಲ್ಲಿಗೋ ಹೋಗಿಬಿಟ್ಟಿತ್ತು. ಆಕಾಶ ನೂರು ಸಲ ಒಗೆದ ಚಾದರದ ಹಾಗೆ, ಬಿಳಿಯೂ ಅಲ್ಲದ ಬೂದಿಯೂ ಅಲ್ಲದ ಬಣ್ಣದಲ್ಲಿ ಜೋತುಬಿದ್ದಿತ್ತು. ಆಸ್ಪತ್ರೆಯ ಮಹಡಿಯ ಮೇಲೆ ಹಿಂದಿನ ದಿನ ಹರವಿದ್ದ ಚಾದರಗಳು ಒಣಗಲೂ ಇಲ್ಲ, ಅಲುಗಲೂ ಇಲ್ಲ. ಯಾರದೋ ಅಪ್ಪಣೆಗೆ ಕಾದವರಂತೆ ಸಾಲಾಗಿ ನಿಂತಿದ್ದವು. ಸೆಕೆ ಎನ್ನುವ ಹಾಗಿಲ್ಲ, ಚಳಿ ಎನ್ನುವ ಹಾಗೂ ಇಲ್ಲ. ಮೈಗೆ ಮಾತ್ರ ಏನೋ ಒಂದು ಭಾರ. ಕೆಲವು ದಿನ ದೇವರು ಕೂಡ ಲೋಕವನ್ನು ಎಬ್ಬಿಸಿ, ತಾನು ಇನ್ನೊಂದು ಗಳಿಗೆ ಮಗ್ಗುಲು ಬದಲಿಸಿ ಮಲಗುತ್ತಾನೇನೋ.

ಹತ್ತು ಗಂಟೆಯ ಹೊತ್ತಿಗೆ ಟೀಚರಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಒಂದು ಕೈಯಲ್ಲಿ ಬಿಸಿ ಹಾಲಿನ ಫ್ಲಾಸ್ಕು, ಇನ್ನೊಂದರಲ್ಲಿ ಅಕ್ಕನ ಒಗೆದ ಬಟ್ಟೆಯ ಚೀಲ. ಅರವತ್ತೊಂದು ವರ್ಷದ ಮಂಡಿಗಳು ಮೆಟ್ಟಿಲಿಗೊಮ್ಮೆ ತಾವಿದ್ದೇವೆಂದು ನೆನಪು ಮಾಡಿಕೊಡುತ್ತಿದ್ದವು. ಅಕ್ಕ ಆಸ್ಪತ್ರೆ ಸೇರಿದ ಸೋಮವಾರದಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ತಿರುವಿನಲ್ಲಿ ಗೋಡೆಗೆ ಒರಗಿ ನಿಂತು, "ಸಾಕಾಯ್ತು ತಂದೆ" ಅಂದರು. ಮೇಲಿರುವವನ ಮೇಲೆ ದೂರಲ್ಲ ಅದು. ಹೊರಗಿನಿಂದ ಬಂದವರು ಚಪ್ಪಲಿ ಬಿಡುತ್ತಾ ಮನೆಯವರಿಗೆ ಹೇಳುತ್ತಾರಲ್ಲ, ಹಾಗೆ.

ಆ ಕಟ್ಟಡ ಅವರಿಗೆ ಹೊಸದಲ್ಲ. ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟು, ನಿವೃತ್ತರಾಗಿ, ಇನ್ನು ಸೀಮೆಸುಣ್ಣ ಮುಟ್ಟುವುದಿಲ್ಲ ಎಂದುಕೊಂಡಿದ್ದವರನ್ನು ಮೇಟ್ರನ್ ಮನೆಗೇ ಬಂದು ಕರೆದಿದ್ದರು. ಆಯಾಗಳಿಗೆ ಇಂಗ್ಲಿಷ್ ಹೇಳಿಕೊಡಬೇಕು. ಡಾಕ್ಟರುಗಳು ನಾಲ್ಕು ದಿಕ್ಕಿನಿಂದ ಬಂದವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಹಾಗಾಗಿ ವಾರ್ಡಿನ ಪುಸ್ತಕ ಇಂಗ್ಲಿಷಿನಲ್ಲಿ. ಯಾವ ಮಂಚದವರು ಉಂಡರು, ಯಾರು ಮಲಗಲಿಲ್ಲ, ಯಾರಿಗೆ ನೋವು ಎಂದು ಆಯಾಗಳು ಕಂಡದ್ದನ್ನು ಒಂದೊಂದು ಸಾಲು ಬರೆದಿಡಬೇಕು. ಬೆಳಗ್ಗೆ ಏಳೂವರೆಗೆ ಬರುವ ಡಾಕ್ಟರು ಮೊದಲು ಆ ಪುಸ್ತಕ ನೋಡಬೇಕು.

ನೋಡಬೇಕು, ಆದರೆ ನೋಡುತ್ತಿರಲಿಲ್ಲ. ಯಾಕೆಂದು ಮೇಟ್ರನ್ ಪುಸ್ತಕ ತೆಗೆದು ತೋರಿಸಿದ್ದರು. ಒಂದನೇ ಮಂಚ, ವೆರಿ ವೆರಿ ಪೇನ್. ಎರಡನೇ ಮಂಚ, ವೆರಿ ವೆರಿ ವೆರಿ ಫೀವರ್. ಮೂರನೇ ಮಂಚ, ಟೂ ಮಚ್ ವೆರಿ ಸ್ಲೀಪ್. ನೆಗಡಿಯಾದವರಿಗೂ ವೆರಿ ವೆರಿ, ಜೀವ ಹೋಗುತ್ತಿರುವವರಿಗೂ ಅದೇ ವೆರಿ ವೆರಿ. ಊರೆಲ್ಲ ಕೂಗಿದರೆ ಯಾರ ಕೂಗು ಕೇಳಬೇಕು? ಡಾಕ್ಟರುಗಳು ಪುಸ್ತಕದ ಮೇಲೆ ಕಾಫಿ ಲೋಟ ಇಡುವುದಕ್ಕೆ ಶುರುಮಾಡಿದ್ದರು.

ಆಗ ಟೀಚರಮ್ಮ ಗುಂಡಿಯ ಪದ್ಧತಿ ತಂದರು.

ಅವರ ಅಕ್ಕ ದರ್ಜಿ. ಅಪ್ಪ ಅಮ್ಮ ಬೇಗ ಹೋದಮೇಲೆ ಹೊಲಿಗೆ ಮಿಷನ್ ತುಳಿದು ತಂಗಿಯನ್ನು ಓದಿಸಿದವರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಉಳಿದದ್ದು ಒಂದು ದೊಡ್ಡ ತಗಡಿನ ಡಬ್ಬಿಯ ತುಂಬ ಗುಂಡಿಗಳು. ಅಂಗಿಯವು, ಕೋಟಿನವು, ಮಕ್ಕಳ ಲಂಗದವು. ಆ ಡಬ್ಬಿಯಿಂದ ಪ್ರತಿ ಸೋಮವಾರ ಒಬ್ಬೊಬ್ಬ ಆಯಾಗೆ ಐದೈದು ಗುಂಡಿ. ಪುಸ್ತಕದಲ್ಲಿ ಒಂದು ವೆರಿಯೋ, ಒಂದು ಟೂ ಮಚ್ಚೋ ಬರೆದರೆ ಒಂದು ಗುಂಡಿ ಟೀಚರಮ್ಮನ ಡಬ್ಬಿಗೆ ವಾಪಸು. ಐದೂ ಮುಗಿದರೆ ಮುಂದಿನ ಸೋಮವಾರದವರೆಗೆ ಬರೀ ಮಾತು. ಒಬ್ಬರು ಇನ್ನೊಬ್ಬರಿಗೆ ಸಾಲ ಕೊಡುವ ಹಾಗಿಲ್ಲ.

"ಉಪ್ಪಿಗಿಂತ ರುಚಿಯಿಲ್ಲ," ಎಂದು ಮೊದಲ ದಿನ ಹೇಳಿದ್ದರು. "ಹಾಗಂತ ಹಿಡಿ ಹಿಡಿ ಸುರಿದರೆ ಬಾಯಿಗಿಡೋಕಾಗುತ್ತಾ? ಇದೂ ಅಷ್ಟೇ. ಬೇಕಾದಾಗ ಒಂದು ಚಿಟಿಕೆ."

"ಟೀಚರಮ್ಮ, ನಮ್ಮ ಮಾತೇ ಹಂಗಲ್ವಾ?" ಅಂದಿದ್ದಳು ಗುಡುಗಮ್ಮ. "ಮೊಟ್ಟಮೊದಲು, ಕಟ್ಟಕಡೆ, ನಟ್ಟನಡು, ಬಟ್ಟಬಯಲು. ಎಲ್ಲಾನೂ ಎರಡೆರಡು ಸಲ ಒತ್ತಿ ಹೇಳಿದ್ರೇನೇ ನಮಗೆ ಹೇಳಿದ ಹಂಗೆ. ಇದಕ್ಕೆಲ್ಲ ಗುಂಡಿ ಕೊಡ್ತಾ ಹೋದ್ರೆ ನನ್ನ ರವಿಕೆಗೂ ಗುಂಡಿ ಉಳಿಯಲ್ಲ!"

ಕೋಣೆ ನಕ್ಕಿತ್ತು. ಟೀಚರಮ್ಮನೂ ನಕ್ಕು, "ಮನೇಲಿ ಎಷ್ಟು ಬೇಕಾದ್ರೂ ಒತ್ತು ತಾಯಿ. ಪುಸ್ತಕದಲ್ಲಿ ಬೇಡ," ಅಂದಿದ್ದರು.

ಗುಡುಗಮ್ಮ ಎಂಬುದು ಉಳಿದ ಆಯಾಗಳು ಇಟ್ಟ ಹೆಸರು. ಅವಳಿಗಿಂತ ಮೊದಲು ಅವಳ ಧ್ವನಿ ಬಂದು ಕೋಣೆಯಲ್ಲಿ ಜಾಗ ಹಿಡಿದಿರುತ್ತಿತ್ತು. ಸೊಳ್ಳೆ ಕಚ್ಚಿದರೆ ಆನೆ ತುಳಿಯಿತು ಅನ್ನುವವಳು. ಲಿಫ್ಟು ಎರಡು ನಿಮಿಷ ತಡವಾದರೆ "ಕಾದೂ ಕಾದೂ ಬೇರು ಬಿಟ್ಟೆ" ಅನ್ನುವವಳು. ಸೋಮವಾರ ಸಿಕ್ಕ ಗುಂಡಿ ಅವಳ ಕೈಯಲ್ಲಿ ಮಂಗಳವಾರ ದಾಟಿದ್ದಿಲ್ಲ. ಅವಳ ಪಕ್ಕ ಕೂರುವವಳನ್ನು ಜಿಪುಣಿ ಅನ್ನುತ್ತಿದ್ದರು. ಅವಳು ಒಂದೂ ಗುಂಡಿ ಖರ್ಚು ಮಾಡದೆ ವಾರವಾರದ್ದನ್ನೂ ದಾರಕ್ಕೆ ಪೋಣಿಸಿ ಮಣಿಸರದ ಹಾಗೆ ಬೆಳೆಸುತ್ತಿದ್ದಳು. "ಸಾಯೋ ಕಾಲಕ್ಕೆ ಒಟ್ಟಿಗೇ ಬರೀತೀಯೇನೇ?" ಎಂದು ಗುಡುಗಮ್ಮ ಅವಳನ್ನು ಕೆಣಕುವಳು. ಆದರೂ ಮಂಚದ ಮೇಲಿನವರು ಕಣ್ಣು ಬಿಟ್ಟರೆ ಕೇಳುತ್ತಿದ್ದದ್ದು ಗುಡುಗಮ್ಮನನ್ನೇ.

ಎರಡು ತಿಂಗಳಲ್ಲಿ ಪುಸ್ತಕ ತಿಳಿಯಾಯಿತು. ಡಾಕ್ಟರುಗಳ ಕಾಫಿ ಲೋಟ ಪಕ್ಕಕ್ಕೆ ಸರಿಯಿತು. ಮೇಟ್ರನ್ ಟೀಚರಮ್ಮನ ಕೈಹಿಡಿದು ಮೆಚ್ಚಿಕೊಂಡರು. ಟೀಚರಮ್ಮನಿಗೆ ಒಳಗೊಳಗೇ ಹೆಮ್ಮೆ. ಹೆಮ್ಮೆಯಿದ್ದ ಕಡೆ ದೇವರು ಒಂದು ಸಣ್ಣ ಕಲ್ಲನ್ನು ದಾರಿಯಲ್ಲಿ ಇಟ್ಟಿರುತ್ತಾನೆ ಎಂದು ಹಿರಿಯರು ಹೇಳುತ್ತಿದ್ದದ್ದು ಆಗ ನೆನಪಾಗಲಿಲ್ಲ.

ಸೋಮವಾರ ಸಂಜೆ ಅಕ್ಕ ತೊಳೆದ ನೆಲದ ಮೇಲೆ ಜಾರಿ ಬಿದ್ದರು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಇದೇ ಆಸ್ಪತ್ರೆ, ಹೆಂಗಸರ ವಾರ್ಡು, ಒಂಬತ್ತನೇ ಮಂಚ. ಕಾಲಿಗೆ ಪ್ಲಾಸ್ಟರ್ ಹಾಕಿದರು. ಮರುದಿನ, ಮಂಗಳವಾರ ಮಧ್ಯಾಹ್ನ, ಅಕ್ಕನಿಗೆ ಊಟ ಮಾಡಿಸಿ ಅದೇ ಸೀರೆಯಲ್ಲಿ ಟೀಚರಮ್ಮ ಕೆಳಗಿನ ಬಟ್ಟೆ ಕೋಣೆಗೆ ಪಾಠಕ್ಕೆ ಹೋದರು. ಚಾದರಗಳ ಗಂಟುಗಳ ನಡುವೆ ನಾಲ್ಕು ಬೆಂಚು, ಒಂದು ಕರಿಹಲಗೆ. ಕಣ್ಣು ಉರಿಯುತ್ತಿತ್ತು. ಪುಸ್ತಕ ತಿರುವಿದರು. ನಾಲ್ಕನೇ ಮಂಚದ ಅಜ್ಜಿ: ವೆರಿ ವೆರಿ ಅಫ್ರೇಡ್. ಕೈಬರಹ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ.

"ಎರಡು ವೆರಿ," ಅಂದರು ಟೀಚರಮ್ಮ. "ಎರಡು ಗುಂಡಿ ಕೊಡು."

"ಟೀಚರಮ್ಮ, ಅಜ್ಜಿ ನಿಜವಾಗ್ಲೂ ಹೆದರಿದ್ರು. ದೇವರಾಣೆ. ಬೆಳಗ್ಗೆ ಪೂರ್ತಿ ನನ್ನ ಕೈ ಬಿಡಲೇ ಇಲ್ಲ. ಕಸ ಗುಡಿಸೋಕೂ ಬಿಡ್ಲಿಲ್ಲ."

"ಹಾಗಂತಲೇ ಬರಿ. ಕೈ ಬಿಡಲಿಲ್ಲ ಅಂತ ಬರಿ. ಆಗ ವೆರಿ ಯಾಕೆ ಬೇಕು?"

"ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ಟೀಚರಮ್ಮ ಬಾಯಿ ತೆರೆದರು. ಬಂದದ್ದು ಆಕಳಿಕೆ. ಗೋಡೆಯ ಗಡಿಯಾರದಲ್ಲಿ ಮೂರಾಗಿತ್ತು. ಮೇಲೆ ಅಕ್ಕನಿಗೆ ಮಾತ್ರೆ ಕೊಡುವ ಹೊತ್ತು. ಸೀಮೆಸುಣ್ಣ ಕೈಗೆತ್ತಿಕೊಂಡರೆ ಇನ್ನು ಅರ್ಧ ಗಂಟೆ. "ಮುಂದಿನ ವಾರ ಹೇಳ್ತೀನಿ," ಅಂದರು. "ಈಗ ಗುಂಡಿ ಕೊಡು."

ಗುಡುಗಮ್ಮ ಸೆರಗಿನ ಗಂಟು ಬಿಚ್ಚಿದಳು. ಉಳಿದಿದ್ದದ್ದು ಎರಡೇ. ಒಂದು ಸಾದಾ ಬಿಳಿಯದು. ಇನ್ನೊಂದು ಕಡುನೀಲಿ ಕೋಟಿನ ಗುಂಡಿ. ನಾಲ್ಕು ತೂತಿನದು, ಅಂಚಿನಲ್ಲಿ ಸಣ್ಣ ಗೀರು. ಬಿಳಿಯದನ್ನು ಮೊದಲು ಕೊಟ್ಟಳು. ನೀಲಿಯದನ್ನು ಒಮ್ಮೆ ಹೆಬ್ಬೆರಳಿಂದ ಉಜ್ಜಿ, "ಇದು ಚೆಂದ ಇತ್ತು," ಅಂದು ಡಬ್ಬಿಗೆ ಹಾಕಿದಳು. ಡಬ್ಬಿಯ ತಗಡು ಟಣ್ ಅಂದಿತು. ಯಾರೋ ಕಿಸಕ್ಕೆಂದು ನಕ್ಕರು. ಗುಡುಗಮ್ಮ ಮಾತ್ರ ಆ ದಿನ ಪಾಠ ಮುಗಿಯುವ ತನಕ ಗುಡುಗಲಿಲ್ಲ.

ಇದು ಮಂಗಳವಾರದ ಮಾತು. ಬುಧವಾರ ನಾಲ್ಕನೇ ಮಂಚದ ಅಜ್ಜಿ ತೀರಿಕೊಂಡರು. ಗುರುವಾರ ಬೆಳಗ್ಗೆ ಹೀಗೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಟೀಚರಮ್ಮ ಫ್ಲಾಸ್ಕು ಹಿಡಿದು ವಾರ್ಡಿನ ಬಾಗಿಲು ದೂಡಿದರು.

ಅಕ್ಕ ಚಾವಣಿ ನೋಡುತ್ತಾ ಮಲಗಿದ್ದರು. ಮುಖ ಒಲೆಯ ಬೂದಿಯ ಬಣ್ಣ. ಕೆಳತುಟಿಯಲ್ಲಿ ಹಲ್ಲಿನ ಗುರುತು.

"ಹೇಗಿದೆ ಅಕ್ಕ?"

"ಪರವಾಗಿಲ್ಲ ಕಣೇ. ಸ್ವಲ್ಪ ನೋವು."

ಈ ಅಕ್ಕನ ಸ್ವಲ್ಪವನ್ನು ತಂಗಿ ಬಲ್ಲವರು. ಒಮ್ಮೆ ಮಿಷನ್ನಿನ ಸೂಜಿ ಹೆಬ್ಬೆರಳ ಉಗುರು ತೂರಿ ಆಚೆ ಬಂದಿದ್ದಾಗ, "ಸ್ವಲ್ಪ ಚುಚ್ಚಿತು," ಎಂದು ಬಟ್ಟೆ ಸುತ್ತಿಕೊಂಡು ಗಿರಾಕಿಯ ಅಂಗಿ ಮುಗಿಸಿ ಕೊಟ್ಟೇ ಎದ್ದಿದ್ದರು. ಟೀಚರಮ್ಮ ಚಾದರ ಸರಿಸಿ, ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಬೆರಳುಗಳನ್ನು ಮುಟ್ಟಿದರು. ಬೆಳಗಿನ ನಲ್ಲಿಯ ಹಿಡಿಯನ್ನು ಮುಟ್ಟಿದ ಹಾಗಿತ್ತು. ಬಣ್ಣ ಸೀಸದ ಹಾಗೆ.

"ಬೆರಳು ಆಡಿಸಕ್ಕ."

"ಆಡಿಸ್ತಾನೇ ಇದ್ದೀನಲ್ಲ," ಅಂದರು ಅಕ್ಕ. ಬೆರಳು ಅಲುಗಲಿಲ್ಲ.

ಮೂವತ್ನಾಲ್ಕು ವರ್ಷ ತರಗತಿಯಲ್ಲಿ ದನಿ ಎತ್ತದ ಹೆಂಗಸು ಆಗ ಕೂಗಿದರು. ಏನು ಕೂಗಿದರೆಂದು ಆಮೇಲೆ ಅವರಿಗೇ ನೆನಪಿರಲಿಲ್ಲ. ನರ್ಸಮ್ಮ ಓಡಿ ಬಂದಳು, ಡಾಕ್ಟರು ಬಂದರು, ಗರಗಸ ಬಂತು. ಪ್ಲಾಸ್ಟರ್ ಸೀಳಿದಾಗ ಒಳಗೆ ಕಾಲು ಹಿಟ್ಟಿನ ಮುದ್ದೆಯಂತೆ ಊದಿತ್ತು. ಟೀಚರಮ್ಮ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳುತ್ತಾ ನಿಂತರು. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಅಕ್ಕನ ಬೆರಳೊಂದನ್ನು ಒತ್ತಿ ಬಿಟ್ಟರು. ಬಿಳಿಚಿಕೊಂಡ ಜಾಗಕ್ಕೆ ನಿಧಾನವಾಗಿ ಕೆಂಪು ಮರಳಿತು.

"ಕಾಲು ಉಳೀತು," ಎಂದರು ಬೆವರು ಒರೆಸಿಕೊಳ್ಳುತ್ತಾ. "ಇನ್ನೆರಡು ಗಂಟೆ ಹೋಗಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ. ಬೆಳಗ್ಗೆ ಪುಸ್ತಕ ನೋಡಿದ್ದೆ. ಒಂಬತ್ತನೇ ಮಂಚ, ಪೇನ್ ಅಂತ ಅಷ್ಟೇ ಇತ್ತು. ಮೂಳೆ ಮುರಿದವರಿಗೆ ನೋವಿರೋದೇ ಅಂತ ಆಕ್ಸಿಡೆಂಟ್ ಕೇಸ್ ಕಡೆ ಹೋದೆ. ಈಗೀಗ ಆ ಪುಸ್ತಕ ನಂಬಬಹುದು ಅಂದುಕೊಂಡಿದ್ದೆ."

ಅಷ್ಟರಲ್ಲಿ ಮೇಟ್ರನ್ ಬಂದು ನಿಂತಿದ್ದರು. "ಬೆಳಗಿನ ಪಾಳಿ ಯಾರದು?"

"ಗುಡುಗಮ್ಮಂದು," ಅಂದಳು ನರ್ಸಮ್ಮ, ನೆಲ ನೋಡುತ್ತಾ.

"ನಾಲ್ಕು ಗಂಟೆಗೆ ನನ್ನ ಕೋಣೆಗೆ ಬರಲಿ. ಇವತ್ತಿಗೆ ಅವಳ ಕೆಲಸ ಮುಗೀತು."

ಸರಿಯಾಯಿತು ಅಂದುಕೊಂಡರು ಟೀಚರಮ್ಮ. ಆ ಕ್ಷಣ ಅವರ ಎದೆಯಲ್ಲಿದ್ದದ್ದು ಅದೊಂದೇ. ಸುಳ್ಳು ಹೇಳಿ ಪ್ರಯೋಜನವೇನು, ಸಂತರಲ್ಲ ಅವರು. ಆ ಸಿಟ್ಟಿನಲ್ಲೇ ಹೋಗಿ ಮೇಜಿನ ಮೇಲಿದ್ದ ವಾರ್ಡಿನ ಪುಸ್ತಕ ತೆಗೆದರು. ಬೆಳಗಿನ ಆರೂಕಾಲಿನ ಪುಟ. ಒಂಬತ್ತನೇ ಮಂಚ. ಪೇನ್. ಅದರ ಹಿಂದೆ ಇನ್ನೊಂದು ಪುಟ್ಟ ಪದವಿತ್ತು; ಬರೆದು ಹೊಡೆದು ಹಾಕಿದ್ದು. ಗೀಚಿ ಕೆಡಿಸಿರಲಿಲ್ಲ. ಯಾವುದೋ ಡಬ್ಬದ ಅಂಚನ್ನು ಅಡ್ಡ ಇಟ್ಟು ನೆಟ್ಟಗೆ ಒಂದು ಗೆರೆ ಎಳೆದಿದ್ದರು. ತಪ್ಪು ಪದವನ್ನು ಹೀಗೇ ಹೊಡೆಯಬೇಕೆಂದು ಟೀಚರಮ್ಮನೇ ಕಲಿಸಿದ್ದರು. ಗೆರೆಯ ಕೆಳಗೆ ಪದ ಸ್ಪಷ್ಟವಾಗಿ ಕಾಣುತ್ತಿತ್ತು. ವೆರಿ.

ಅವರು ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಬಟ್ಟೆ ಕೋಣೆಗೆ ಇಳಿದರು.

ಗುಡುಗಮ್ಮ ನೆಲದ ಮೇಲೆ ಕೂತು, ಒಣಗದ ಚಾದರಗಳನ್ನು ಒಂದೊಂದೇ ಬಿಡಿಸಿ ಬೆಂಚಿನ ಮೇಲೆ ಹರವುತ್ತಿದ್ದಳು. ಸುದ್ದಿ ಅವಳಿಗೆ ತಲುಪಿತ್ತು. ಅಷ್ಟು ದೊಡ್ಡ ಮೈ ಹೇಗೋ ಮಡಿಸಿಟ್ಟ ಹಾಗೆ ಚಿಕ್ಕದಾಗಿ ಕಾಣುತ್ತಿತ್ತು.

"ಬೆಳಗ್ಗೆ ನನ್ನ ಅಕ್ಕನ್ನ ನೋಡಿದ್ಯಾ?"

"ನೋಡ್ದೆ."

"ಬೆರಳು ಮುಟ್ಟಿದ್ಯಾ?"

"ಮುಟ್ದೆ ಟೀಚರಮ್ಮ. ತಣ್ಣಗಿತ್ತು. ದರ್ಜಿ ಅಕ್ಕ ಸ್ವಲ್ಪ ನೋವು ಅಂದ್ರು, ಆದ್ರೆ ಚಾದರದ ಅಂಚು ಬಾಯಲ್ಲಿ ಕಚ್ಚಿಕೊಂಡಿದ್ರು. ನಾನು ನರ್ಸಮ್ಮನ ಹತ್ರ ಓಡ್ದೆ. ಆಕ್ಸಿಡೆಂಟ್ ಕೇಸ್ ಎರಡು ಒಟ್ಟಿಗೇ ಬಂದಿತ್ತು. 'ನಿಂದು ದಿನಾ ಇದ್ದದ್ದೇ ಗುಡುಗು, ಹೋಗು, ಪುಸ್ತಕದಲ್ಲಿ ಬರಿ, ಡಾಕ್ಟ್ರು ನೋಡ್ತಾರೆ' ಅಂದ್ರು."

"ಬರೆದ್ಯಲ್ಲ! ಬರೆದವಳು ಯಾಕೆ ಹೊಡೆದು ಹಾಕ್ದೆ?"

ಗುಡುಗಮ್ಮ ಚಾದರದ ಮೂಲೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಗುಂಡಿ ಇರಲಿಲ್ಲ."

ಟೀಚರಮ್ಮ ಕಂಕುಳಿಂದ ಪುಸ್ತಕ ಕೆಳಗಿಳಿಸಿದರು.

"ಬರೆದ್ಮೇಲೆ ನೆನಪಾಯ್ತು. ಎರಡೂ ಮಂಗಳವಾರವೇ ಹೋಯ್ತಲ್ಲ. ಜಿಪುಣಿ ಹತ್ರ ಒಂದು ಕೇಳ್ದೆ. 'ಸಾಲ ಕೊಡಬಾರದು ಅಂತ ಟೀಚರಮ್ಮನೇ ಹೇಳಿದ್ದಾರೆ, ಅವರಕ್ಕನ ಮಂಚಕ್ಕೇ ತಪ್ಪು ಮಾಡ್ತೀಯೇನೇ' ಅಂದ್ಲು. ಅವಳದೇನೂ ತಪ್ಪಿಲ್ಲ. ನನಗೂ ಹಂಗೇ ಅನ್ನಿಸ್ತು. ನಿಮ್ಮ ಅಕ್ಕನ ಸಾಲಲ್ಲಾದ್ರೂ ನೀವು ಹೇಳಿದ ಹಂಗೆ ನೆಟ್ಟಗೆ ಬರೀಬೇಕು ಅಂತ."

"ತಣ್ಣಗಿದೆ ಅಂತ ಬರೀಬಹುದಿತ್ತಲ್ಲ ಮಾರಾಯ್ತಿ. ಬೆರಳು ತಣ್ಣಗಿದೆ, ಚಾದರ ಕಚ್ಚಿದ್ದಾರೆ ಅಂತ."

"ಅದನ್ನ ಹೇಗೆ ಬರೀಬೇಕು ಅಂತ ಗೊತ್ತಿಲ್ಲ. ಕಾಲಿನ ಬೆರಳಿಗೆ ಏನಂತಾರೆ ಅಂತಾನೇ ಗೊತ್ತಿಲ್ಲ ನಂಗೆ." ಅವಳು ತಲೆ ಎತ್ತಲಿಲ್ಲ. ಮಾತಿನಲ್ಲಿ ದೂರೂ ಇರಲಿಲ್ಲ. "ಅಜ್ಜೀದು ಕೇಳಿದ್ದೆ. ಮುಂದಿನ ವಾರ ಅಂದ್ರಿ."

ಟೀಚರಮ್ಮ ಚಾದರದ ಗಂಟೊಂದರ ಮೇಲೆ ಕೂತುಬಿಟ್ಟರು. ಅದು ತೇವವಿತ್ತು, ಸೀರೆಗೆ ತಣ್ಣಗೆ ಹತ್ತಿತು. ಏಳಬೇಕು ಅನ್ನಿಸಲಿಲ್ಲ. ಇಷ್ಟು ವರ್ಷ ಎಷ್ಟು ಮಕ್ಕಳ ಎಷ್ಟು ಪುಸ್ತಕಗಳಲ್ಲಿ ಕೆಂಪು ಶಾಯಿಯಲ್ಲಿ ಅದೇ ಪುಟ್ಟ ಪದವನ್ನು ಹೊಡೆದಿದ್ದರೋ, ಲೆಕ್ಕವಿಲ್ಲ. ಹೊಡೆದ ಪದದ ಮೇಲೆ ಇನ್ನೊಂದು ಪದ ಬರೆದು ಕೊಟ್ಟದ್ದು ಎಷ್ಟು ಸಲ? ಮೊದಮೊದಲು ಕೊಡುತ್ತಿದ್ದರು. ಆಮೇಲೆ ಪುಸ್ತಕಗಳು ಹೆಚ್ಚಾದವು, ಕಣ್ಣು ದಣಿಯಿತು, ಬರೀ ಹೊಡೆಯುವುದು ಉಳಿಯಿತು. ಕೈಯಲ್ಲಿದ್ದ ಮುರುಕು ಕೊಡೆಯನ್ನು ಕಸಿದುಕೊಂಡು, ಇದು ಸರಿಯಿಲ್ಲ ಎಂದು ಮಳೆಯಲ್ಲಿ ಕಳಿಸಿದ ಹಾಗೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಪಾಪ ಎಂದರೆ ಕತ್ತಿ ಬೆಂಕಿ ಬೇಕಾಗುವ ದೊಡ್ಡ ಸಂಗತಿ ಎಂದು ಅವರು ಚಿಕ್ಕಂದಿನಿಂದ ಎಣಿಸಿದ್ದರು. ತಮ್ಮದು ಒಂದು ಆಕಳಿಕೆಯಷ್ಟು ಸಣ್ಣದು. ಅದರೊಳಗೆ ಅಕ್ಕನ ಒಂದು ಕಾಲು ಹಿಡಿಸುತ್ತಿತ್ತು.

"ಮನೇಲಿ ಎಷ್ಟು ಜನ?" ಎಂದು ಕೇಳಿದರು.

"ಐದು. ಅತ್ತೆ, ಅವರು, ಎರಡು ಹೆಣ್ಣುಮಕ್ಕಳು, ನಾನು. ಅವರಿಗೆ ಬೆನ್ನು ಮುರಿದಾಗಿಂದ ದುಡಿಮೆ ನಂದೊಂದೇ." ಅವಳು ಮೂಗೊರೆಸಿಕೊಂಡಳು. "ಇರಲಿ ಬಿಡಿ ಟೀಚರಮ್ಮ. ಹಣೇಲಿದ್ದದ್ದು. ದರ್ಜಿ ಅಕ್ಕನ ಕಾಲು ಉಳೀತಲ್ಲ, ಅಷ್ಟು ಸಾಕು. ಈ ಚಾದರಗಳನ್ನಾದ್ರೂ ಮಡಿಸಿಟ್ಟು ಹೋಗ್ತೀನಿ. ಒಣಗ್ತಾನೇ ಇಲ್ಲ ಹಾಳಾದ್ದು."

ಟೀಚರಮ್ಮ ಎದ್ದು, ಬೆಂಚಿನ ಮೇಲೆ ಒಣಗಿದ ಮೂಲೆಯೊಂದನ್ನು ನೋಡಿ ಕೂತರು. ಚೀಲದಿಂದ ಹಾಳೆ, ಪೆನ್ನು ತೆಗೆದರು. ನಾಲ್ಕು ಗಂಟೆಯವರೆಗೂ ಬರೆದರು, ಹೊಡೆದರು, ಮತ್ತೆ ಬರೆದರು. ಗುಡುಗಮ್ಮ ಚಾದರ ಝಾಡಿಸುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

ಮೇಟ್ರನ್‌ರ ಕೋಣೆಯಲ್ಲಿ ಫ್ಯಾನು ಸುತ್ತುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಅವರೂ ದಣಿದ ಹೆಂಗಸೇ. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಳ್ಳುತ್ತಾ ಕೂತಿದ್ದರು. ಮೇಜಿನ ಮೇಲೆ ಟೈಪ್ ಮಾಡಿದ ಕಾಗದ ಸಿದ್ಧವಿತ್ತು, ಸಹಿಯೊಂದು ಬಾಕಿ. ಗುಡುಗಮ್ಮ ಬಾಗಿಲ ಬಳಿಯೇ ಕೈಕಟ್ಟಿ ನಿಂತಳು. ಟೀಚರಮ್ಮ ಒಳಗೆ ಬಂದು ಕೂರದೆ ಮಾತಾಡಿದರು.

"ಒಂದು ಸಹಿ ತಡೀರಿ."

"ಟೀಚರ್, ನಿಮ್ಮಕ್ಕನ ಕಾಲು ಅದು. ನೀವೇ ಇವಳ ಪರ ಮಾತಾಡೋಕೆ ಬಂದ್ರಾ?"

"ಪರ ಅಲ್ಲ. ಹೆಸರು ತಪ್ಪಾಗಿದೆ, ತಿದ್ದೋಕೆ ಬಂದೆ." ಅವರು ವಾರ್ಡಿನ ಪುಸ್ತಕ ತೆರೆದು ಮೇಜಿನ ಮೇಲಿಟ್ಟು, ಗೆರೆಯಡಿಯ ಪದದ ಮೇಲೆ ಬೆರಳಿಟ್ಟರು. "ನೋಡಿ. ಇವಳು ಕಂಡಿದ್ಲು. ಹೇಳಿದ್ಲು. ಬರೆದೂ ಇದ್ಲು. ಗೆರೆ ಎಳೆದ ಕೈ ಇವಳದು. ಹೊಡೆದು ಹಾಕಿದ್ದು ನಾನು."

ಮೇಟ್ರನ್ ಅರ್ಥವಾಗದೆ ನೋಡಿದರು. ಟೀಚರಮ್ಮ ತಾವು ಬರೆದ ಹಾಳೆಯನ್ನು ಮುಂದಿಟ್ಟರು. ಇಂಗ್ಲಿಷಿನ ಒಂದು ಪುಟ. ಅಜ್ಜಿಯ ಕೈ, ಎರಡು ಗುಂಡಿ, ಮುಂದಿನ ವಾರ ಎಂದದ್ದು, ನರ್ಸಮ್ಮನ ಬಳಿ ಓಡಿದ್ದು, ಜಿಪುಣಿಯ ಬಳಿ ಕೇಳಿದ್ದು. ಎಲ್ಲಾ ಇತ್ತು, ಬಣ್ಣ ಹಚ್ಚದೆ. ಮೇಟ್ರನ್ ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು.

"ಇದರಲ್ಲಿ ಒಂದು ವೆರಿ ಇದೆ ಟೀಚರ್."

"ಇದೆ."

"ಶೀ ಟ್ರೈಡ್ ವೆರಿ ಹಾರ್ಡ್ ಟು ಟೆಲ್ ಅಸ್."

"ಅಲ್ಲಿ ಅದು ಬೇಕು. ತೆಗೆದು ನೋಡ್ದೆ, ನಾಲ್ಕೈದು ಸಲ. ತೆಗೆದ್ರೆ ಸುಳ್ಳಾಗುತ್ತೆ."

ಫ್ಯಾನು ಕಿರುಗುಟ್ಟಿತು. ಬಾಗಿಲ ಬಳಿ ಗುಡುಗಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು. ಆ ಸಾಲು ತನ್ನ ಬಗ್ಗೆಯೆಂದು ಅವಳಿಗೆ ಗೊತ್ತಾಗಿತ್ತೋ ಇಲ್ಲವೋ. ಮೇಟ್ರನ್ ಟೈಪ್ ಮಾಡಿದ ಕಾಗದವನ್ನು ಎತ್ತಿ, ಹರಿಯಲಿಲ್ಲ, ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದರು.

"ನರ್ಸಮ್ಮನ ಜೊತೆ ನಾನು ಮಾತಾಡ್ತೀನಿ," ಅಂದರು. ಬಾಗಿಲ ಕಡೆ ತಿರುಗಿ, "ನಾಳೆ ಆರಕ್ಕೆ ಬಾ. ಲಿಫ್ಟು ಬರಲಿಲ್ಲ, ಬೇರು ಬಿಟ್ಟೆ ಅಂತೆಲ್ಲ ಹೇಳ್ಬೇಡ."

ಗುಡುಗಮ್ಮ ಕಟ್ಟಿದ ಕೈ ಬಿಡಿಸಿ ಮುಗಿದಳು.

"ಆಮೇಲೆ ಟೀಚರ್, ಆ ಗುಂಡಿ ಆಟ ಸಾಕು."

"ಸಾಕು," ಅಂದರು ಟೀಚರಮ್ಮ. "ಅತಿಯಾದರೆ ಅಮೃತವೂ ವಿಷ ಅಂತ ಅವರಿಗೆ ಹೇಳ್ತಾ ಹೇಳ್ತಾ, ನನ್ನದೇ ಅತಿಯಾಗಿತ್ತು."

ಐದು ಗಂಟೆಗೆ ವಾರ್ಡಿನ ಕಿಟಕಿಗಳಲ್ಲಿ ಬೆಳಗಿನ ಬಣ್ಣವೇ ಉಳಿದಿತ್ತು. ದಿನ ಎಲ್ಲಿಗೂ ಹೋಗದೆ ಇದ್ದಲ್ಲೇ ಸಂಜೆಯಾದ ಹಾಗೆ. ನಾಲ್ಕನೇ ಮಂಚ ಖಾಲಿಯಿತ್ತು. ಒಂಬತ್ತನೇ ಮಂಚದಲ್ಲಿ ಅಕ್ಕ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದರು. ಮುಖಕ್ಕೆ ಸ್ವಲ್ಪ ರಕ್ತ ಬಂದಿತ್ತು. ಗುಡುಗಮ್ಮನ ಪಾಳಿ ಮುಗಿದು ಎಷ್ಟೋ ಹೊತ್ತಾಗಿತ್ತು. ಆದರೂ ಅವಳು ಕಡೆಗೂ ಒಣಗಿದ ಒಂದೇ ಒಂದು ಚಾದರವನ್ನು ಹಿಡಿದು ಬಂದು, ಅಕ್ಕನ ಕೆಳಗಿನದನ್ನು ಬದಲಿಸುತ್ತಿದ್ದಳು.

"ಸ್ವಲ್ಪ ಈ ಕಡೆ ದರ್ಜಿ ಅಕ್ಕ. ಹಾಂ, ಸ್ವಲ್ಪ. ಅಷ್ಟೇ." ಪಕ್ಕದ ಮಂಚಕ್ಕೂ ಕೇಳದಷ್ಟು ಮೆತ್ತಗಿತ್ತು ದನಿ.

"ಈಗ ಹೇಗಿದೆ ಅಕ್ಕ?" ಎಂದು ಕೇಳಿದರು ಟೀಚರಮ್ಮ, ಮಂಚದ ಕಾಲ ಬಳಿ ನಿಂತು.

ಅಕ್ಕ ಪರವಾಗಿಲ್ಲ ಅನ್ನುವುದಕ್ಕೆ ಬಾಯಿ ತೆರೆದು, ಯಾಕೋ ನಿಲ್ಲಿಸಿದರು. ತಂಗಿಯ ಮುಖ ನೋಡಿದರು.

"ಬೆಳಗ್ಗೆ ತುಂಬಾ ನೋವಿತ್ತು ಕಣೇ," ಅಂದರು. "ತುಂಬಾ ಅಂದ್ರೆ ತುಂಬಾ. ಇವಳು ನನ್ನ ಕಾಲಿನ ಬೆರಳು ತಿಕ್ಕುತ್ತಾ ಕೂತಿದ್ಲು, ಬೇರೆ ಮಂಚದ ಕರೆಗಂಟೆ ಹೊಡೆದಾಗಲೇ ಎದ್ದು ಹೋಗಿದ್ದು. ನಾನೇ ಹೇಳಬೇಕಿತ್ತು. ಬಾಯಿಗೆ ಅಭ್ಯಾಸ ಇಲ್ಲ ನೋಡು."

ಗುಡುಗಮ್ಮ ಚಾದರದ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ, ಸುಕ್ಕನ್ನು ಅಂಗೈಯಿಂದ ಸವರಿದಳು. ಟೀಚರಮ್ಮ ಬಟ್ಟೆ ಕೋಣೆಯಿಂದ ತಂದಿದ್ದ ತಗಡಿನ ಡಬ್ಬಿಯನ್ನು ಚೀಲದಿಂದ ತೆಗೆದು ಮಂಚದ ತುದಿಯಲ್ಲಿಟ್ಟು, ಮುಚ್ಚಳ ತೆಗೆದರು. ಬೆರಳಾಡಿಸಿ ಹುಡುಕಿದರು. ಸದ್ದು ಕೇಳಿ ಅಕ್ಕ ಕಣ್ಣು ಮುಚ್ಚಿಕೊಂಡೇ, "ಏನು ಬೇಕು?" ಅಂದರು.

"ನೀಲೀದು. ಕೋಟಿಂದು."

"ನಾಲ್ಕು ತೂತಿಂದಾ? ಅದು ತಳಕ್ಕೇ ಹೋಗಿರುತ್ತೆ. ಭಾರ ಅದು."

ತಳದಲ್ಲೇ ಸಿಕ್ಕಿತು. ಅಂಚಿನ ಗೀರನ್ನು ನೋಡಿ ಟೀಚರಮ್ಮ ಅದೇ ಎಂದು ಖಚಿತ ಮಾಡಿಕೊಂಡರು. ಮಧ್ಯಾಹ್ನ ಬಟ್ಟೆ ಕೋಣೆಯಲ್ಲಿ ಬರೆದಿಟ್ಟಿದ್ದ ಒಂದು ಚೀಟಿಯೂ ಚೀಲದಲ್ಲಿತ್ತು. ದುಂಡಗೆ, ಮೊದಲ ತರಗತಿಯ ಮಕ್ಕಳಿಗೆ ಬರೆದ ಹಾಗೆ, ಎರಡು ಇಂಗ್ಲಿಷ್ ಸಾಲು. ಕೆಳಗೆ ಅವುಗಳ ಅರ್ಥ. ಅಜ್ಜಿ ನನ್ನ ಕೈ ಬಿಡಲಿಲ್ಲ. ಅಕ್ಕನ ಕಾಲಿನ ಬೆರಳು ತಣ್ಣಗಿದೆ.

ಹಳೆಯ ಚಾದರವನ್ನು ತೋಳಿನ ಮೇಲೆ ಹಾಕಿಕೊಂಡು ಗುಡುಗಮ್ಮ ಹೊರಟಳು. ಟೀಚರಮ್ಮ ದಾರಿಗೆ ಅಡ್ಡ ಬಂದು, ಅವಳ ಖಾಲಿ ಕೈ ಹಿಡಿದು, ಚೀಟಿಯನ್ನು ಅಂಗೈಯಲ್ಲಿಟ್ಟರು. ಅದರ ಮೇಲೆ ನೀಲಿ ಗುಂಡಿ ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.